ಮೆಣಸಿನ ಗಲ್ಲಿಯ ನರೇಶನ್

ಕಾಂಚನಾ ಬರೆದ ಚಿತ್ರಕಥೆಯನ್ನು ಹಿಂದಿ ಸಿನಿಮಾದವರ ಬೀಡಾದ ಅಂಧೇರಿಯ ದಿವಾನ್ ಎಂಬ ಬರಹಗಾರ ತನ್ನ ಹೆಸರಿನಲ್ಲಿ ಮಾರಿದ. ಅದು ಹಿಂದಿ ಸಿನಿಮಾ ಆಗಿ, ೨೦೧೧ರ ಬೇಸಿಗೆಯಲ್ಲಿ ಕಲ್ಯಾಣದ ಮಲ್ಟಿಪ್ಲೆಕ್ಸಿಗೂ ಬಂತು. ಮೊದಲ ದಿನ ಟಿಕೆಟ್ ಕೊಂಡು ಒಳಗೆ ಹೋದವರಲ್ಲಿ ಕಾಂಚನಾಳೂ ಇದ್ದಳು.

ತೆರೆಯ ಮೇಲೆ ಬದಲಾಪುರದ ಲೋಕಲ್ ರೈಲು ಬಂತು. ಲೇಡೀಸ್ ಡಬ್ಬಿ. ಬಾಗಿಲ ಕಂಬಿಗೆ ಒರಗಿ ಕಿವಿಯೋಲೆ ಮಾರುವ ಹುಡುಗಿ. ಕಲ್ಯಾಣದಿಂದ ಠಾಣೆ ಪಟ್ಟಣದ ಆಡಿಟರ್ ಆಫೀಸಿನ ಕೆಲಸಕ್ಕೆ ಹೋಗಿಬರುವ ದಾರಿಯಲ್ಲಿ, ನೂಕುನುಗ್ಗಲಿನಲ್ಲಿ ನಿಂತೇ ಕಾಂಚನಾ ಬರೆದು ಹುಟ್ಟಿಸಿದ ಹುಡುಗಿ. ಈಗ ಅವಳು ಅಷ್ಟು ದೊಡ್ಡದಾಗಿ, ಅಷ್ಟು ಚಂದವಾಗಿ, ಬೇರೆ ಯಾರದೋ ಮಗಳಾಗಿ ನಗುತ್ತಿದ್ದಳು.

ಅಳಬಾರದೆಂದು ಕಾಂಚನಾ ಪಾಪ್‌ಕಾರ್ನ್ ಬಾಯಿತುಂಬ ತುಂಬಿಕೊಂಡಳು. ಆಗಲೇ ಹಿಂದಿನ ಸಾಲಿನಿಂದ, ಯಾರೋ ಪಕ್ಕದ ಗೆಳೆಯನಿಗೆ ಹೇಳುವ ಪಿಸುಮಾತು ಕೇಳಿಸಿತು, ಕನ್ನಡದಲ್ಲಿ.

"ಈಗ ನೋಡು ಕುಶಲ. ಪೊಲೀಸಿನವನ ಟೇಬಲ್ ಮೇಲೆ ಅವಳು ತನ್ನ ಕಿವಿಯ ಓಲೆ ಬಿಚ್ಚಿ ಇಡ್ತಾಳೆ. ಒಂದೇ ಓಲೆ. ಇನ್ನೊಂದು ಕಿವಿಯಲ್ಲೇ ಇರ್ತದೆ."

ತೆರೆಯ ಮೇಲಿನ ನಾಯಕಿ ಎರಡೂ ಓಲೆ ಬಿಚ್ಚಿಟ್ಟಳು.

"ಥತ್! ಎರಡೂ ಬಿಚ್ಚಿಸಿದ್ರು. ಇಡೀ ಸೀನ್ ಹಾಳು ಮಾಡಿದ್ರು ಮಾರಾಯ!"

ಕಾಂಚನಾಳ ಬೆನ್ನು ನೆಟ್ಟಗಾಯಿತು. ಒಂದೇ ಓಲೆ ಇದ್ದದ್ದು ಅವಳ ಹಾಳೆಯಲ್ಲಿ ಮಾತ್ರ. ಅವಳು ಎದ್ದು ತಿರುಗಿದಳು. ತೆರೆಯ ನೀಲಿ ಬೆಳಕಿನಲ್ಲಿ ಒಂದು ಉದ್ದ ಮೂಗಿನ ಮುಖ ಬೆಚ್ಚಿ ನೋಡಿತು.

"ಆ ಒಂದು ಓಲಿ ನಿಮಗ ಹೆಂಗ ಗೊತ್ತು? ಕಳ್ಳಾ!"

"ಓ ತಾಯಿ, ಶಾಂತ್ ಬಸಾ ನಾ!" ಸುಮ್ಮನೆ ಕೂರುವಂತೆ ಪಕ್ಕದವರು ಮರಾಠಿಯಲ್ಲಿ ರೇಗಿದರು.

"ನಾನು ಕಳ್ಳ ಅಲ್ಲ ಮಾರಾಯ್ರೆ, ನಾನು ಸುಜನ್," ಎಂದಿತು ಆ ಮುಖ.

"ಕಳ್ಳಗ ಹೆಸರು ಇರೂದಿಲ್ಲೇನು? ಹೊರಗ ಬರ್ರಿ!"

ಪಾಪ್‌ಕಾರ್ನ್ ಮಾರುವ ಕಟ್ಟೆಯ ಎದುರು, ಎಣ್ಣೆ ವಾಸನೆಯ ನಡುವೆ, ಅವರ ಮೊದಲ ಜಗಳ ನಡೆಯಿತು. ಸುಜನ್ ಉಡುಪಿ ಕಡೆಯವನು. ಡೊಂಬಿವಲಿಯಲ್ಲಿ ಮಾವ ಚೆನ್ನಯರ ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದ. ಆ ಮಾವ ತಾಳಮದ್ದಳೆಯ ಅರ್ಥಧಾರಿ. ಬಣ್ಣವಿಲ್ಲ, ವೇಷವಿಲ್ಲ, ಕೂತಲ್ಲೇ, ಬರಿಯ ಮಾತಿನಲ್ಲಿ ಕುರುಕ್ಷೇತ್ರ ನಡೆಸುವ ಆ ವಿದ್ಯೆ ಸುಜನ್‌ಗೂ ಹತ್ತಿತ್ತು. ಅದೇ ನಾಲಿಗೆಯನ್ನು ಅಂಧೇರಿಯವರು ಬಾಡಿಗೆಗೆ ಪಡೆಯುತ್ತಿದ್ದರು.

"ಹಿಂದಿ ಸಿನಿಮಾದಲ್ಲಿ ಪ್ರೊಡ್ಯೂಸರ್ ಯಾರೂ ಓದುದಿಲ್ಲ, ಗೊತ್ತುಂಟಲ್ಲ? ಕೇಳ್ತಾರೆ. ಯಾರಾದ್ರೂ ಎದುರು ಕೂತು ಇಡೀ ಸಿನಿಮಾ ಬಾಯಲ್ಲಿ ಹೇಳ್ಬೇಕು. ಅದಕ್ಕೆ ನರೇಶನ್ ಅಂತಾರೆ. ದಿವಾನರ ಗಂಟಲು ಕೆಟ್ಟಿದೆ. ಹಾಗಾಗಿ ನನ್ನನ್ನು ಕರೀತಾರೆ. ಈ ಕಥೆ ಹೇಳಿದ್ದು ನಾನೇ."

"ಬರದಿದ್ದು ನಾನು."

ಸುಜನ್‌ನ ಮುಖದಲ್ಲಿ ಅಪರಾಧಿಯ ಭಯ ಕಾಣುವುದೆಂದು ಕಾಂಚನಾ ಕಾದಳು. ಕಂಡದ್ದು ಬೇರೆ. ಕಳೆದುಹೋದ ವಸ್ತು ಸಿಕ್ಕವನ ಹಾಗೆ ಅವನ ಕಣ್ಣು ಅರಳಿದವು.

"ನೀವಾ?" ಎಂದ. "ಆ ಹಾಳೆಗಳಿಗೆ ಹೆಸರೇ ಇರಲಿಲ್ಲ. ಮೊದಲನೇ ಪುಟ ಹರಿದಿದ್ರು. ಓದುವಾಗ್ಲೇ ಅಂದ್ಕೊಂಡೆ, ಇದು ದಿವಾನರ ಕೈ ಅಲ್ಲ. ಇದು ಟ್ರೈನಿನಲ್ಲಿ ನಿಂತು ಬರೆದ ಕೈ. ಗಾಡಿ ಬ್ರೇಕ್ ಹಾಕುವಲ್ಲಿ ವಾಕ್ಯವೂ ಬ್ರೇಕ್ ಹಾಕ್ತದೆ. ನಾನು ಆ ಕೈಯವರನ್ನು…" ಮಾತಿನ ಮಲ್ಲ ಅಲ್ಲಿ ತಡವರಿಸಿದ. "ನೋಡ್ಬೇಕಂತ ಇತ್ತು."

ಕಾಂಚನಾಳ ಸಿಟ್ಟಿಗೆ ಕಾಲು ಜಾರಿತು. ಈ ನಗರದಲ್ಲಿ ಅವಳ ಬರಹವನ್ನು ಕದ್ದವರಿದ್ದರು, ತೂಗಿದವರಿದ್ದರು, ಮೂಲೆಗೆಸೆದವರಿದ್ದರು. ಓದಿದವನು ಇವನೊಬ್ಬನೇ.

"ಲೇಖಕರ ಸಂಘಕ್ಕ ಕಂಪ್ಲೇಂಟ್ ಕೊಡಾಕತ್ತೀನಿ," ಎಂದಳು. "ದಿವಾನಗ ಕೊಟ್ಟ ಮ್ಯಾಲೆ ನಾ ರಿಜಿಸ್ಟರ್ ಮಾಡಿಸಿದ್ದು. ಅಷ್ಟs ಸಾಕು, ನನ್ನನ್ನs ಕಳ್ಳಿ ಮಾಡ್ತಾರ."

"ನಾನು ಸಾಕ್ಷಿ ಹೇಳ್ತೇನೆ."

"ಅಂಧೇರಿಯಾಗ ಮತ್ತ ಯಾರೂ ಕರಿಯೂದಿಲ್ಲ ನಿಮ್ಮನ್ನ."

"ಗಲ್ಲಾ ಉಂಟಲ್ಲ, ಇಡ್ಲಿ ವಡೆ ನರೇಟ್ ಮಾಡ್ತೇನೆ. ಆದ್ರೆ ಒಂದು ಕೇಳ್ಲಾ? ಕೊನೆಯ ಹಾಳೆಗಳೂ ಇರಲಿಲ್ಲ. ಹುಡುಗಿಯನ್ನು ಹಿಡಿದ ಮೇಲೆ ಲೇಡೀಸ್ ಡಬ್ಬಿಯ ಹೆಂಗಸರೆಲ್ಲ ಏನು ಮಾಡ್ತಾರೆ? ಇವರು ಹೀರೋ ಬಂದು ಚೈನ್ ಎಳೆಯುವ ಹಾಗೆ ಮಾಡಿದ್ದಾರಂತೆ. ನಿಮ್ಮದರಲ್ಲಿ?"

ಕೊನೆಯ ಸೀನನ್ನು ಕಾಂಚನಾ ಯಾರಿಗೂ ಕೊಟ್ಟಿರಲಿಲ್ಲ. ಕಲ್ಯಾಣದಲ್ಲಿ ಶನಿವಾರ ಶನಿವಾರ ಕೂಡಿ ಓದುವ ಬಳಗವೊಂದಿತ್ತು. ಅದನ್ನು ನಡೆಸುವ ಜಯಲತಾ ಟೀಚರ್, 'ಹಸಿದವರ ಮುಂದೆ ಬುಟ್ಟಿ ಪೂರ್ತಿ ಇಳಿಸಬೇಡ ಮಗಾ' ಎಂದಿದ್ದರು.

"ಹೇಳೂದಿಲ್ಲ," ಎಂದಳು. ತುಟಿಯ ಮೂಲೆ ಮಾತ್ರ ಅವಳ ಮಾತು ಕೇಳದೆ ಸ್ವಲ್ಪ ನಕ್ಕಿತು.

ಸುಜನ್ ಸಾಕ್ಷಿ ಹೇಳಿದ. ದಿವಾನ್ ಪ್ರತಿ ವಿಚಾರಣೆಗೂ ವಕೀಲನನ್ನು ಕಳಿಸಿ ತಾರೀಖು ಮುಂದೂಡಿಸಿದ. ಅಷ್ಟರಲ್ಲಿ ಕಾಂಚನಾ ಹೊಸ ಚಿತ್ರಕಥೆ ಮುಗಿಸಿದಳು, ಈ ಸಲ ಮೊದಲು ರಿಜಿಸ್ಟರ್ ಮಾಡಿಸಿದಳು. ಆದರೆ ಹೇಳುವುದು ಹೇಗೆ? ಅಪರಿಚಿತರ ಎದುರು ಕೂತರೆ ಅವಳ ಎರಡೂವರೆ ಗಂಟೆಯ ಸಿನಿಮಾ ನಾಲ್ಕು ವಾಕ್ಯಕ್ಕೆ ಮುಗಿದು, "ಅಷ್ಟs ರೀ" ಎಂಬಲ್ಲಿಗೆ ನಿಲ್ಲುತ್ತಿತ್ತು.

"ನಾನು ಹೇಳ್ತೇನೆ," ಎಂದ ಸುಜನ್. "ನಿಮ್ಮ ಹೆಸರು ಹೇಳಿಯೇ ಶುರು ಮಾಡ್ತೇನೆ."

ಹೊಸ ಕಥೆ ವಾಶಿಯ ಸಗಟು ಮಾರ್ಕೆಟ್ಟಿನ ಮೆಣಸಿನಕಾಯಿ ಗಲ್ಲಿಯದು. ಕಾಂಚನಾಳ ಅಪ್ಪ ರಾಯಪ್ಪ ಅಲ್ಲಿ ಬ್ಯಾಡಗಿ ಮೆಣಸಿನಕಾಯಿಯ ದಲ್ಲಾಳಿ. ಕಥೆಯ ನಾಯಕಿ ಮರಗಮ್ಮ, ಚೀಲ ಹೊರುವವಳು. ಸಂಜೆ ಗಲ್ಲಿ ಗುಡಿಸಿ, ಬಿದ್ದ ಕಾಯಿಗಳನ್ನು ಆರಿಸಿ, ಗುಪ್ಪೆ ಹಾಕಿ ಮಾರಿ, ಕೊನೆಗೆ ತನ್ನದೇ ಅಂಗಡಿ ಕೇಳುವವಳು. ಬಿದ್ದದ್ದೂ ತನ್ನದೇ ಎನ್ನುವ ಸಾಹುಕಾರ ಭುಜಂಗ ಅವಳ ಎದುರಾಳಿ.

"ಗಲ್ಲಿ ನೋಡದೆ ಹೇಗೆ ಹೇಳುದು?" ಎಂದು ಸುಜನ್ ಒಂದು ಮಧ್ಯಾಹ್ನ ಬಂದ. ಬಿಳಿ ಶರ್ಟು, ಕ್ರೀಸು ಹಾಕಿದ ಪ್ಯಾಂಟು. ಚೀಲದಲ್ಲಿ ಕೈ ಹಾಕಿ, ಕಾಯಿ ಮುರಿದು, ಮೂಸಿ, ದೊಡ್ಡ ವ್ಯಾಪಾರಿಯ ಹಾಗೆ ತಲೆದೂಗಿದ. ಮರುಕ್ಷಣ ಸೀನು. ಸೀನಿನ ಮೇಲೆ ಸೀನು. ಕಣ್ಣಿಂದ ಧಾರಾಕಾರ ನೀರು.

"ಯಾಕೋ ತಮ್ಮಾ, ಅಳಾಕತ್ತಿ?" ರಾಯಪ್ಪ ತಕ್ಕಡಿಯ ಹಿಂದಿನಿಂದಲೇ ಕೇಳಿದರು. "ನಮ್ಮ ಹುಡುಗಿ ಬೈದಳೇನು?"

"ಇನ್ನೂ ಇಲ್ಲ ಸರ್… ಆಕ್ಷೀ… ಕಾಯ್ತಾ ಇದ್ದೇನೆ!"

ಅವನು ಕಣ್ಣುಜ್ಜಲು ಕೈ ಎತ್ತಿದ್ದೇ ತಡ, ಕಾಂಚನಾ ಓಡಿ ಬಂದು ಎರಡೂ ಮಣಿಕಟ್ಟು ಹಿಡಿದುಬಿಟ್ಟಳು. "ಮೆಣಸಿನ ಕೈ! ಕಣ್ಣಿಗೆ ಹಚ್ಚಿದ್ರ ಸತ್ತs ಹೋಗ್ತೀರಿ!"

"ಹಾಗಾದ್ರೆ ನೀವೇ ಒರೆಸಿ."

"ನನ್ನ ಕೈಯೂ ಅದs ಆಗೇತಿ."

ಅವಳ ಕಣ್ಣಲ್ಲೂ ನೀರು ತುಂಬಿತ್ತು. ಹುಟ್ಟಿದಾಗಿನಿಂದ ಈ ಗಲ್ಲಿಯ ಘಾಟು ಕುಡಿದವಳಿಗೆ ಇವತ್ತೇಕೆ ಉರಿ ಎಂದು ಅವಳಿಗೆ ತಿಳಿಯಲಿಲ್ಲ. ಬಿಟ್ಟರೆ ಉಜ್ಜಿಕೊಳ್ಳುತ್ತಾನೆ ಎಂದು ಅವಳು ಬಿಡಲಿಲ್ಲ. ಬಿಡಿಸಿಕೊಂಡರೆ ಮತ್ತೆ ಹಿಡಿಯುವುದಿಲ್ಲ ಎಂದು ಅವನು ಬಿಡಿಸಿಕೊಳ್ಳಲಿಲ್ಲ. ಸುತ್ತ ಕೆಂಪು ರಾಶಿ, ಹಮಾಲರ ಕೂಗು. ನಡುವೆ ಇಬ್ಬರು ಕೈ ಕೈ ಹಿಡಿದು, ಮುಖ ಮುಖ ನೋಡುತ್ತ, ಗಳಗಳ ಅತ್ತು ನಗುತ್ತ ನಿಂತರು.

"ಏ ಕಾಂಚೀ," ರಾಯಪ್ಪ ಕೂಗಿದರು, "ಅಳೂದು ಮುಗಿದ್ರ ಚಾ ಕುಡಿಯಾಕ ಬರ್ರಿ."

ತಾಲೀಮು ಸಾನಪಾಡಾ ಸ್ಟೇಷನ್ನಿನ ಅಗಲ ಮೆಟ್ಟಿಲುಗಳ ಮೇಲೆ ನಡೆಯುತ್ತಿತ್ತು. ಅವಳು ಠಾಣೆಯಿಂದ ಬರುತ್ತಿದ್ದಳು, ಅವನು ಗಲ್ಲಾ ಮಾವನಿಗೆ ಒಪ್ಪಿಸಿ ಬರುತ್ತಿದ್ದ. ಜಗಳ ಮಾತ್ರ ಇಬ್ಬರೂ ಸೇರಿ ತರುತ್ತಿದ್ದರು. ಏಕೆಂದರೆ ಸುಜನ್ ಬರೆದದ್ದನ್ನು ಬರೆದಂತೆ ಹೇಳುತ್ತಿರಲಿಲ್ಲ. ತಾಳಮದ್ದಳೆಯ ಚಾಳಿ. ಯಾರ ಪಾತ್ರ ಬಂದರೂ ಅವರೇ ಗೆಲ್ಲುವಂತೆ ವಾದಿಸುವುದು.

"ಬಿದ್ದದ್ದು ನಿನ್ನದಂತೀಯಾ ಮರಗಮ್ಮಾ?" ಭುಜಂಗನಾಗಿ ಅವನು ಧ್ವನಿ ಏರಿಸುತ್ತಿದ್ದ. "ಮರದಿಂದ ಹಣ್ಣು ಬಿದ್ದರೆ ತೋಟ ದಾರಿಹೋಕನದಾಗುತ್ತದೆಯೇ? ಚೀಲ ನನ್ನದು, ಸರಕು ನನ್ನದು, ಗಲ್ಲಿ ನನ್ನದು!"

"ರೀ! ಇದು ನಾ ಬರದಿಲ್ಲ. ನೀವು ಅಂವನ್ನs ಗೆಲ್ಲಿಸಾಕತ್ತೀರಿ."

"ಎದುರಾಳಿಗೂ ನ್ಯಾಯ ಬೇಕು. ಮರಗಮ್ಮನ ಹತ್ರ ಉತ್ತರ ಉಂಟಾ, ಇಲ್ಲವಾ?"

ಕಾಂಚನಾ ಎದ್ದು ನಿಂತುಬಿಟ್ಟಳು. "ಚೀಲಾ ನಿನ್ನದು ಸಾಹುಕಾರ. ಚೀಲಾ ಹೊತ್ತ ಬೆನ್ನು ಯಾರದು? ನೆಲಕ್ಕ ಬಿದ್ದದ್ದು ಅಂತ ನೀ ಅಂತಿ. ನನ್ನ ಬೆನ್ನಿನಿಂದ ಬಿದ್ದದ್ದು ಅಂತ ನಾ ಅಂತೀನಿ. ಬೆನ್ನು ನಂದು, ಬೆವರು ನಂದು, ಬಿದ್ದದ್ದೂ ನಂದು!"

ಮೆಟ್ಟಿಲಿಳಿಯುತ್ತಿದ್ದ ಹೆಂಗಸೊಬ್ಬಳು ಏನೂ ಅರ್ಥವಾಗದೆ ಚಪ್ಪಾಳೆ ತಟ್ಟಿದಳು. ಕಾಂಚನಾ ನಾಚಿ ಕುಸಿದು ಕೂತಳು. ಗೆಲ್ಲುವ ಚಾಳಿಯ ಸುಜನ್ ಮೊದಲ ಬಾರಿಗೆ ಸೋತು, ಆ ಸೋಲನ್ನು ಬೆಲ್ಲದಂತೆ ಚಪ್ಪರಿಸುತ್ತಿದ್ದ.

ಆಗಲೇ ಅವನ ಫೋನು ಬಡಿಯಿತು. ಅಮ್ಮ. ಅವನು ತುಳುವಿಗೆ ಹೊರಳಿದ.

"ಅದೇ ಅಮ್ಮ, ಬ್ಯಾಡಗಿಯವಳು. ಇಲ್ಲೇ ಪಕ್ಕದಲ್ಲಿ ಕೂತಿದ್ದಾಳೆ. ಅವಳಿಗೆ ತುಳು ಬರುವುದಿಲ್ಲ, ಹೆದರಬೇಡ. ಸಿಟ್ಟು ಬಂದಾಗ ಮೂಗಿನ ತುದಿ ಮೆಣಸಿನಕಾಯಿ. ಏನು ಹೇಳಲಿ… ನನಗೆ ಬೇರೆ ಯಾರೂ ಬೇಡ ಅಮ್ಮ."

ಕಾಂಚನಾ ಇಂಡಿಕೇಟರ್ ಬೋರ್ಡನ್ನೇ ನೋಡುತ್ತಿದ್ದಳು. ಪನವೇಲ್ ಗಾಡಿಯೋ ಠಾಣೆ ಗಾಡಿಯೋ, ಅಕ್ಷರವೆಲ್ಲ ಕಲಸಿಹೋಗಿತ್ತು. ಕಲ್ಯಾಣದ ಸಾಲುಮನೆಗಳ ಚಾಳಿನಲ್ಲಿ ಅವ್ವ ಪಾರವ್ವ ಹಪ್ಪಳ ಒತ್ತುವ ಕೆಲಸಕ್ಕೆ ಹೋದಾಗಲೆಲ್ಲ ಕಾಂಚನಾ ಬೆಳೆದದ್ದು ಬಾಜು ಮನೆಯ ಸುಂದರಿಯಕ್ಕನ ಮಡಿಲಲ್ಲಿ. ಸುಂದರಿಯಕ್ಕ ಮುಲ್ಕಿಯವಳು. ಬೈದದ್ದು, ಮುದ್ದಿಸಿದ್ದು, ಅನ್ನ ತಿನ್ನಿಸಿದ್ದು ಎಲ್ಲ ತುಳುವಿನಲ್ಲೇ.

"ಯಾರ ಫೋನು?" ಕೇಳಿದಳು, ಕಲ್ಲಿನಂಥ ಮುಖ ಮಾಡಿ.

"ಅಮ್ಮ. ಕುಚ್ಚಲಕ್ಕಿ ತರಲಿಕ್ಕೆ ಹೇಳಿದ್ರು."

"ಅಕ್ಕಿ ವಿಷಯಕ್ಕ ಇಷ್ಟು ಕೆಂಪಗಾಗ್ತೀರೇನು?"

"ಅದು… ಕೆಂಪಕ್ಕಿ."

ಆ ದಿನ ಕಲ್ಯಾಣದವರೆಗೂ ಅವಳು ಕಿಟಕಿಗೆ ಮುಖ ಮಾಡಿ ನಕ್ಕಳು. ಹೇಳಿಬಿಡಲೇ ಎಂದುಕೊಂಡಳು. ಬೇಡ. ತನಗೇ ಹೇಳಲಿ. ಜಗತ್ತಿನ ಕಥೆಯನ್ನೆಲ್ಲ ಹೇಳುವವನು ತನ್ನದೊಂದು ಹೇಳಲಾರನೇ? ಅಲ್ಲಿಯವರೆಗೆ ಅವನು ತುಳುವಿನಲ್ಲಿ ಹೇಳಿದ್ದೆಲ್ಲ ಅವಳ ಕಳ್ಳ ಗಂಟು.

ಇಬ್ಬರೂ ಪ್ರೊಡ್ಯೂಸರ್‌ಗಳ ಎಷ್ಟೋ ಬಾಗಿಲು ತಟ್ಟಿದರು. ಎಲ್ಲರಿಗೂ 'ಒರಿಜಿನಲ್' ಬೇಕಿತ್ತು. ಕೇಳಿದ ಮೇಲೆ, ಇದು ಯಾವ ಹಿಟ್ ಸಿನಿಮಾದ ಹಾಗಿದೆ ಎಂದು ವಿಚಾರಿಸುತ್ತಿದ್ದರು. ಹೊಸದಾಗಿರಬೇಕು, ಆದರೆ ಮೊದಲೇ ಎಲ್ಲಾದರೂ ಓಡಿರಬೇಕು. ಒಬ್ಬ ಮರಗಮ್ಮನಿಗೆ ಈಜುಕೊಳದ ಹಾಡು ಕೇಳಿದ. ಇನ್ನೊಬ್ಬ, ಮೆಣಸಿನಕಾಯಿ ಬೇಡ, ಸ್ಟ್ರಾಬೆರಿ ಮಾಡಿ ಎಂದ. ಮತ್ತೊಬ್ಬ ಇಂಟರ್ವಲ್‌ಗೆ ಮೊದಲೇ ಗೊರಕೆ ಹೊಡೆದ. ಎದ್ದವನು "ಸೆಕೆಂಡ್ ಹಾಫ್ ಸ್ಲೋ" ಎಂದ. ಕಥೆಗಳ ಈ ಸಂತೆಯಲ್ಲಿ ತಕ್ಕಡಿ ಇತ್ತು, ದಲಾಲಿ ಇತ್ತು, ಬೆಳೆದವಳ ಹೆಸರೊಂದು ಇರಲಿಲ್ಲ. ಆದರೂ ಮರಳುವ ಗಾಡಿಯಲ್ಲಿ ಇಬ್ಬರೂ ಆ ಗೊರಕೆಯನ್ನು ಅನುಕರಿಸಿ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದರು.

ಕೊನೆಗೆ ಕರೆ ಬಂದದ್ದು ಸಾನಪಾಡಾದಲ್ಲೇ ಆಫೀಸು ತೆರೆದ ಹೊಸ ಸ್ಟುಡಿಯೋದಿಂದ. ಅಲ್ಲಿ ಕಥೆ ಆರಿಸುವ ಮುಖ್ಯಸ್ಥ ಪೃಥ್ವಿರಾಜ್. ಊರು ಕಾರ್ಕಳ, ಮಾತು ಇಂಗ್ಲಿಷ್.

ಗಾಜಿನ ಕೋಣೆ. ಕಾಂಚನಾ ಬ್ಯಾಗಿನಿಂದ ಒಂದು ಹಿಡಿ ಬ್ಯಾಡಗಿ ತೆಗೆದು ಮೇಜಿನ ಮೇಲೆ ಸುರಿದಳು. ಸುಜನ್ ಗಂಟಲು ಸರಿಮಾಡಿಕೊಂಡ.

"ಕಥೆ, ಚಿತ್ರಕಥೆ, ಸಂಭಾಷಣೆ: ಕಾಂಚನಾ," ಎಂದು ಹಿಂದಿಯಲ್ಲಿ ಶುರು ಮಾಡಿದ. "ನಾನು ಬರೀ ಬಾಯಿ."

ಕೋಣೆ ಗಲ್ಲಿಯಾಯಿತು. ಚೀಲ ಉರುಳಿದವು, ತಕ್ಕಡಿ ತೂಗಿದವು. ಭುಜಂಗ ಬಂದು ಅಬ್ಬರಿಸಿದ. ಸುಜನ್‌ನ ಹಳೆಯ ಚಾಳಿ ಎದ್ದು ಕುಣಿಯಿತು. ಅವನು ಎಷ್ಟು ಚೆನ್ನಾಗಿ ವಾದಿಸಿದನೆಂದರೆ ಪೃಥ್ವಿರಾಜ್ "ಹೌದಲ್ಲ, ಬಿದ್ದದ್ದೂ ಅವನದೇ" ಎಂದುಬಿಟ್ಟ.

"ಇಲ್ಲ," ಎಂದಿತು ಒಂದು ಧ್ವನಿ.

ಕಾಂಚನಾ. ನಾಲ್ಕು ವಾಕ್ಯಕ್ಕೆ ನಿಲ್ಲುವವಳು ನಿಲ್ಲಲಿಲ್ಲ. ಸುಜನ್ ಒಂದು ಅಂದರೆ ಇವಳು ಎರಡು ಅಂದಳು. ಅವನ ಹಿಂದಿಗೆ ಕರಾವಳಿಯ ರಾಗ, ಇವಳದಕ್ಕೆ ಬ್ಯಾಡಗಿಯ ಖಾರ. ಮೇಜಿನ ಎರಡು ಬದಿಯಿಂದ ಮಾತು ಮಸೆದು ಕಿಡಿ ಹಾರಿತು. ವಾದದ ನಡುವೆಯೇ ಸುಜನ್‌ನ ಕಣ್ಣು, 'ಇನ್ನೂ ಹೇಳು, ಇನ್ನೂ ಹೊಡಿ' ಎಂದು ಅವಳನ್ನು ಹುರಿದುಂಬಿಸುತ್ತಿತ್ತು. ಮರಗಮ್ಮ ಅಂಗಡಿಯ ಬೀಗ ತೆಗೆದಾಗ ಗಾಜಿನಾಚೆ ಆಫೀಸಿನ ಅರ್ಧ ಜನ ಬಂದು ನಿಂತಿದ್ದರು.

"ಈ ಸಿನಿಮಾ ನಾವು ಮಾಡೇ ಮಾಡ್ತೇವೆ!" ಪೃಥ್ವಿರಾಜ್ ಮೇಜು ಗುದ್ದಿದ. ಮೆಣಸಿನಕಾಯಿಗಳು ಜಿಗಿದವು.

ಕಾಂಚನಾಳ ಎದೆಯಲ್ಲಿ ಫಾಸ್ಟ್ ಲೋಕಲ್ ಓಡಿತು.

ಪೃಥ್ವಿರಾಜ್ ಅಗ್ರಿಮೆಂಟ್ ತರಿಸಿ ಸುಜನ್ ಎದುರು ಸರಿಸಿದ. ಅವಳತ್ತ ಒಂದು ನಗು ಬೀರಿ, ಮೆಲ್ಲನೆ ತುಳುವಿನಲ್ಲಿ ಮಾತಾಡಿದ. ಊರಿನವನಿಗೆ ಊರಿನವನು ಹೇಳುವ ದನಿಯಲ್ಲಿ.

"ನೀನು ನಮ್ಮವ. ನೋಡು, ಈ ಹುಡುಗಿ ದಿವಾನ್ ಮೇಲೆ ಕಂಪ್ಲೇಂಟ್ ಕೊಟ್ಟವಳು. ಇವಳ ಹೆಸರು ಬಂದರೆ ದೊಡ್ಡವರು ನಮ್ಮೊಂದಿಗೆ ಕೆಲಸ ಮಾಡುವುದಿಲ್ಲ. ನಿನ್ನ ಹೆಸರಿಗೆ ಮಾಡುವಾ. ಹೇಳಿದವನೇ ಬರೆದವ, ಇಲ್ಲಿ ಅದೇ ಪದ್ಧತಿ. ಇವಳಿಗೆ ಕೊನೆಯಲ್ಲಿ 'ಧನ್ಯವಾದ' ಹಾಕುವಾ. ಈಗ ಏನೂ ಹೇಳಬೇಡ, ಸೈನ್ ಮಾಡು."

ಕಾಂಚನಾ ಕಲ್ಲಿನಂಥ ಮುಖ ಮಾಡಿ ಮೆಣಸಿನಕಾಯಿಗಳನ್ನು ನೋಡುತ್ತ ಕೂತಳು. ಉಸಿರು ಮಾತ್ರ ಬಿಡಲಿಲ್ಲ. ಅವಳಿಗೆ ತಿಳಿಯುವುದಿಲ್ಲ ಎಂದು ಸುಜನ್ ನಂಬಿದ್ದ. ಈಗ ಅವನು ಏನು ಹೇಳಿದರೂ ಅದು ಅವಳ ಬೆನ್ನ ಹಿಂದೆ ಹೇಳಿದ ಮಾತು. ದಿವಾನನ ನಗುವೂ ಹೀಗೇ ಮೃದುವಾಗಿತ್ತು.

ಸುಜನ್ ಪೆನ್ನು ತೆಗೆದುಕೊಂಡ. ಅದರ ಮುಚ್ಚಳ ಹಾಕಿ, ಮೇಜಿನ ಆಚೆ ತಳ್ಳಿದ.

"ಅವಳ ಹೆಸರು ಬಿಟ್ಟು ಅವಳ ಮಾತನ್ನು ಒಮ್ಮೆ ಹೇಳಿದ್ದೇನೆ," ಎಂದ ತುಳುವಿನಲ್ಲೇ. "ಆಗ ನನಗೆ ಗೊತ್ತಿರಲಿಲ್ಲ. ಈಗ ಗೊತ್ತಿದೆ. ನನಗೆ ಬೇಕಾದ್ದು ಅವಳು, ಅವಳ ಕಥೆ ಅಲ್ಲ."

"ಓಹೋ. ವಿಷಯ ಹಾಗಿದೆಯೋ? ಅವಳಿಗೆ ಗೊತ್ತುಂಟಾ?"

"ಇಲ್ಲ. ಹೇಳಲಿಕ್ಕೆ ಧೈರ್ಯ ಸಾಲಲಿಲ್ಲ."

ಕಾಂಚನಾ ಹಿಡಿದ ಉಸಿರು ಬಿಟ್ಟಳು.

"ಎಂಕ್ ತುಳು ಬರ್ಪುಂಡು," ಎಂದಳು.

ಪೃಥ್ವಿರಾಜ್ ಕುರ್ಚಿಗೆ ಒರಗಿದ. ಸುಜನ್‌ನ ಕಿವಿಯ ತುದಿಯಿಂದ ಕೊರಳವರೆಗೆ ಕೆಂಪು ಹರಡಿತು. ಮೇಜಿನ ಮೇಲಿನ ರಾಶಿಗೂ ಅವನಿಗೂ ವ್ಯತ್ಯಾಸ ಉಳಿಯಲಿಲ್ಲ.

"ಯಾವಾಗಿಂದ?" ಎಂದ.

"ಹಲ್ಲು ಬರೂಕಿಂತ ಮೊದಲಿಂದ."

"ಹಾಗಾದ್ರೆ… ಕುಚ್ಚಲಕ್ಕಿ?"

"ಕೆಂಪಕ್ಕಿನೂ ಗೊತ್ತು, ನನ್ನ ಮೂಗಿನ ತುದಿನೂ ಗೊತ್ತು. ನಿಮ್ಮವ್ವಗ ಹೇಳಿದ್ದನ್ನ ನನಗ ಯಾವಾಗ ಹೇಳ್ತೀರಿ ಅಂತ ಕಾಯ್ಕೋತ ಕುಂತಿದ್ದೆ. ಅಷ್ಟು ದೊಡ್ಡ ಮಾತುಗಾರ, ಎರಡು ಮಾತು ಹೇಳಾಕ ಇಷ್ಟು ದಿನ ಬೇಕಾತೇನು?" ಅವಳ ದನಿ ನಡುಗಿ ಮೆತ್ತಗಾಯಿತು. "ನನಗೂ ಬ್ಯಾರೆ ಯಾರೂ ಬ್ಯಾಡ, ಸುಜನ್."

ರೀ ಇಲ್ಲದ ಆ ಬರಿಯ ಹೆಸರು ಅವನ ಮೈಮೇಲೆ ಬಿಸಿಲಿನಂತೆ ಬಿತ್ತು.

"ಎಕ್ಸ್‌ಕ್ಯೂಸ್ ಮಿ," ಪೃಥ್ವಿರಾಜ್ ಗಡಿಯಾರ ನೋಡಿದ. ದನಿಯಲ್ಲಿ ಊರೂ ಇರಲಿಲ್ಲ, ನಗುವೂ ಇರಲಿಲ್ಲ. "ಮೇಡಂ, ನೀವು ಸ್ವಲ್ಪ ಹೊರಗೆ ಕೂತ್ಕೊಳ್ಳಿ. ನಾನು ಸುಜನ್ ಹತ್ರ ಮಾತಾಡ್ಬೇಕು."

ಕಾಂಚನಾ ಏಳಲಿಲ್ಲ. ಮೇಜಿನ ಮೇಲಿನ ಅಗ್ರಿಮೆಂಟನ್ನು ತನ್ನತ್ತ ಎಳೆದುಕೊಂಡು, 'ಲೇಖಕ' ಎಂದಿದ್ದ ಕಡೆಯ ಖಾಲಿ ಜಾಗದ ಮೇಲೆ ಅಂಗೈ ಊರಿದಳು. ಆಮೇಲೆ ಸುಜನ್ ಕಡೆ ತಿರುಗಿದಳು. ಅವಳ ಕಣ್ಣು ಮಿಂಚುತ್ತಿತ್ತು.

"ಆ ಓಲಿ ಮಾರೂ ಹುಡುಗಿ ಸಿನಿಮಾದ ಕೊನೀ ಸೀನ್ ಕೇಳ್ತಿದ್ರಲ್ಲ? ಹೇಳಲೇನು?"

"ಈಗಲಾ?"

"ಹುಡುಗಿನ್ನ ಪೊಲೀಸರು ಹಿಡಕೊಂಡು ಕುಂತಾರ. ಗಾಡಿ ಕೊನೀ ಸ್ಟೇಷನ್ ಮುಟ್ಟತೈತಿ. ಎಲ್ಲಾರೂ ಇಳೀರಿ ಅಂತ ಅನೌನ್ಸ್ ಆಗತೈತಿ. ಡಬ್ಬಿಯೊಳಗಿನ ಹೆಂಗಸರು, ಸೊಪ್ಪು ಬಿಡಿಸಾಕಿ, ಮಗಳ ಜಡಿ ಹೆಣಿಯಾಕಿ, ಆಫೀಸಿನಾಕಿ, ಒಬ್ಬಾಕಿನೂ ಇಳಿಯೂದಿಲ್ಲ. ಹುಡುಗಿನ್ನ ಬಿಡೂತನಕ ಕುಂತs ಬಿಡ್ತಾರ. ಹೀರೋ ಇಲ್ಲ, ಚೈನ್ ಇಲ್ಲ. ಅಷ್ಟs."

ಸುಜನ್ ನಕ್ಕ. ವರ್ಷವಿಡೀ ಕಾದ ಸೀನ್ ಕಣ್ಣ ಮುಂದೆ ನಡೆಯುತ್ತಿತ್ತು. ಅವನು ಎದ್ದು, ಮೇಜಿನ ಆಚೆಯ ತನ್ನ ಕುರ್ಚಿಯನ್ನು ಎಳೆದು ತಂದು, ಅವಳ ಕುರ್ಚಿಗೆ ತಾಗಿಸಿ ಹಾಕಿ ಕೂತ. ಅವಳ ಇನ್ನೊಂದು ಕೈ ಹಿಡಿದುಕೊಂಡ. ಮೆಣಸಿನ ಕೈ, ಉರಿಯುವ ಕೈ.

ಗಾಜಿನಾಚೆ ನಿಂತವರು ಇನ್ನೂ ಹೋಗಿರಲಿಲ್ಲ.

"ಮೇಡಂ," ಪೃಥ್ವಿರಾಜ್ ಬಾಗಿಲ ಕಡೆ ಕೈ ತೋರಿಸಿದ. "ಪ್ಲೀಸ್. ಏಳಿ."

"ಇಲ್ಲ ರೀ," ಎಂದಳು ಕಾಂಚನಾ. "ನಾ ಏಳೂದಿಲ್ಲ."